ಕನ್ನಡಕಕ್ಕೆ ಬಿಟ್ಟ ಜಾಗ

ಬೆಳಗ್ಗೆ ಹತ್ತರೊಳಗೆ ಕತ್ರಿ ಅದೇ ಪರದೆಯ ಅದೇ ಅಂಚನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದ. ಇದೇನು ಸಣ್ಣ ಸಂಗತಿಯಲ್ಲ. ಐವತ್ತೆರಡು ವರ್ಷಗಳಲ್ಲಿ ಅವನು ಹೊಲಿದ ದಾರವನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಭೂಮಿಗೆ ಏಳು ಸುತ್ತು ಬಂದು, ಮಿಕ್ಕದ್ದರಲ್ಲಿ ಚಂದ್ರನಿಗೊಂದು ಕುಲಾವಿ ಹೊಲಿಯಬಹುದಿತ್ತು; ಅಷ್ಟುದ್ದ ದಾರದಲ್ಲಿ ಒಂದೇ ಒಂದು ಹೊಲಿಗೆ ಸೊಟ್ಟ ಹೋಗಿಲ್ಲವೆಂದು ಅವನೇ ಹೇಳಿಕೊಳ್ಳುತ್ತಿದ್ದ, ಅದನ್ನು ಅಲ್ಲಗಳೆಯುವಷ್ಟು ಪುರುಸೊತ್ತು ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಅವನಿಗೆ ಕತ್ರಿ ಎಂಬ ಹೆಸರು ಬಂದದ್ದು ಕೈಯಲ್ಲಿನ ಕತ್ತರಿಯಿಂದಲೋ ಬಾಯಲ್ಲಿನದರಿಂದಲೋ ಎಂಬ ಬಗ್ಗೆ ಮಾತ್ರ ಎರಡು ಪಕ್ಷಗಳಿದ್ದವು. ಅಂಥವನ ಕೈಯಡಿ ಇವತ್ತು ಎಂಟಡಿ ಉದ್ದದ ಕೆಂಪು ಮಖಮಲ್ಲು ಹಿಡಿದಲ್ಲಿ ನಿಲ್ಲದೆ ಜಾರುತ್ತಿತ್ತು. ಪೆಡಲಿನ ಮೇಲಿನ ಕಾಲು ತಾನಾಗಿಯೇ ನಿಂತುಬಿಡುತ್ತಿತ್ತು. ಎದ್ದು ಬಾಗಿಲಿಗೆ ಹೋದ, ಬೀದಿ ನೋಡಿದ, ಬೀದಿಯಲ್ಲಿ ಬೀದಿಯೇ ಇತ್ತು, ಬಂದು ಕೂತ. ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಬೆರಳಿಟ್ಟು ನೋಡಿದ, ಕಾದಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಗೋಡೆ ಗಡಿಯಾರ ನೋಡಿದ. ನಾಲ್ಕು ಗಂಟೆಗೆ ಗ್ರಂಥಾಲಯದ ಹುಡುಗಿ ಬರುತ್ತಾಳೆ. ಒಂದು ಕಾಗದ ತರುತ್ತಾಳೆ. ಅವನು ರುಜು ಹಾಕಬೇಕು. ಹಾಕಿದರೆ ಇವತ್ತೇ ಅದು ಕೆತ್ತುವವನ ಅಂಗಡಿಗೆ ಹೋಗಿ, ನಾಳೆ ಗ್ರಂಥಾಲಯದ ಸಭಾಂಗಣದಲ್ಲಿ, ಬಾಗಿಲಿನಷ್ಟು ದೊಡ್ಡ ಫೋಟೋದ ಕೆಳಗೆ ಹಿತ್ತಾಳೆಯ ಫಲಕವಾಗಿ ಕೂರುತ್ತದೆ: ಮೊದಲ ಮೆರವಣಿಗೆ, ಮುಂದೆ ಬಾವುಟ ಹಿಡಿದು ನಡೆಯುತ್ತಿರುವವರು, ಇಂಥವರು. ಇಂಥವರು ಅಂದರೆ ಅವನು. ಆ ಫೋಟೋದ ಮುಂದೆ ಎಳೆಯುವ ಪರದೆಯನ್ನೂ ಅವನೇ ಹೊಲಿಯಬೇಕೆಂದು ಅವಳ ಬಳಗದ ಹುಡುಗರೆಲ್ಲ ಪ್ರೀತಿಯಿಂದ ಹಟ ಹಿಡಿದಿದ್ದರು. ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಹಿತ್ತಾಳೆಯನ್ನು ಹೇಗೆ ಬಿಚ್ಚುವುದು?

ಆ ಫೋಟೋ ಯಾರು ನೋಡಿಲ್ಲ! ಮೂವತ್ತಾರು ವರ್ಷದ ಹಿಂದೆ ಪತ್ರಿಕೆಯ ಒಳಪುಟದಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಮಸಿ ಮೆತ್ತಿಕೊಂಡು ಬಂದಿತ್ತು. ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಪ್ರೀತಿಸಿದರೆ ಜೈಲು ಎಂಬ ಕಾನೂನು ಕಲ್ಲಿನ ಹಾಗೆ ಕೂತಿದ್ದ ಕಾಲ. ತಲೆಯಿಂದ ಗಲ್ಲದವರೆಗೆ ಮುಸುಕು ಹಾಕಿಕೊಂಡ ಒಂದಷ್ಟು ಜನ, ಕಣ್ಣಿನ ಜಾಗದಲ್ಲಿ ಎರಡೆರಡು ತೂತು, ಮುಂದೆ ಒಬ್ಬ ಬಾವುಟದ ಕೋಲು ಹಿಡಿದು ಎದೆಯೆತ್ತಿ ನಡೆಯುತ್ತಿದ್ದಾನೆ. ಕತ್ರಿ ಅದರ ಕಥೆ ಹೇಳಲು ಕೂತರೆ ಚಹಾ ತಣ್ಣಗಾಗಿ ಮತ್ತೆ ಬಿಸಿ ಮಾಡಿಸಿ ಮತ್ತೆ ತಣ್ಣಗಾಗುತ್ತಿತ್ತು. ಹೇಳಲು ಶುರುಮಾಡಿದ ಮೊದಲ ವರ್ಷಗಳಲ್ಲಿ ಅವನ ಮೆರವಣಿಗೆಯಲ್ಲಿ ನೂರು ಜನ ಇದ್ದರು. ಆಮೇಲೆ ಸಾವಿರವಾದರು. ಕಾನೂನು ಬಿದ್ದ ವರ್ಷ ಏಳು ಸಾವಿರಕ್ಕೆ ಏರಿದರು. “ಫೋಟೋದಲ್ಲಿ ಕಾಣೋದು ಬರೀ ಮೊದಲನೇ ಸಾಲು ಕಣ್ರೋ, ಹಿಂದೆ ಒಂದೂವರೆ ಮೈಲಿ ಜನ!” ಪೊಲೀಸರು ನಾಲ್ಕು ನೂರು, ಕುದುರೆಗಳು ಬೇರೆ, ಅದರಲ್ಲೊಂದು ಬಿಳಿ ಕುದುರೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ನಾಚಿ ಹಿಂದೆ ಸರಿಯಿತು. ಕುದುರೆಯ ಭಾಗಕ್ಕೆ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಂಬುತ್ತಿದ್ದರೋ ಇಲ್ಲವೋ, ಪ್ರೀತಿಯಿಂದ ತಟ್ಟುತ್ತಿದ್ದರು. ಹೋದ ತಿಂಗಳು ಗ್ರಂಥಾಲಯದ ಹುಡುಗಿ ತನ್ನ ಗೆಳತಿಯ ಕೈ ಹಿಡಿದುಕೊಂಡು, ನಡುಮಧ್ಯಾಹ್ನ, ಇದೇ ಬೀದಿಯಲ್ಲಿ ನಡೆದು ಬಂದು ಅಂಗಡಿಯ ಮುಂದೆ ನಿಂತು, “ಮಾಮ, ಹೀಗೆ ನಡೀತಿದ್ದೀವಿ ಅಂದ್ರೆ ನಿಮ್ಮಿಂದ,” ಅಂದಿದ್ದಳು. ಆ ದಿನ ಅವನು ಒಂದು ಕೋಟಿಗೆ ಎಡಗೈ ತೋಳನ್ನು ಎರಡೂ ಕಡೆ ಜೋಡಿಸಿಬಿಟ್ಟಿದ್ದ.

ಮುಂದಿರುವವನು ನಾನೇ ಎಂಬ ಸುಳ್ಳನ್ನು ಅವನು ಹೇಳಿದ್ದಾದರೂ ಯಾವಾಗ? ಅದನ್ನೇ ನೆನಪಿಸಿಕೊಳ್ಳಲು ಹೋಗಿ ನಾಲ್ಕನೆಯ ಸಲ ಅಂಚು ಕೆಡಿಸಿದ. ಒಂದು ಸಂಜೆ, ಇಪ್ಪತ್ತು ವರ್ಷದ ಹಿಂದೆ, ಭಯ ಸ್ವಲ್ಪ ಕಡಿಮೆಯಾದ ಕಾಲದಲ್ಲಿ, ಆರೇಳು ಹುಡುಗರು ಪತ್ರಿಕೆಯ ಆ ತುಂಡು ಹಿಡಿದುಕೊಂಡು ಬಂದು, ಮುಂದಿರೋದು ಯಾರು ಗೊತ್ತಾ ಎಂದು ಕೇಳಿದ್ದರು. ಅವರಲ್ಲೊಬ್ಬ, “ಟೈಲರ್ ಮಾಮನೇ ಇರಬೇಕು, ನಿಲುವು ನೋಡ್ರೋ,” ಅಂದ. ಕತ್ರಿ ನಕ್ಕ. ಅಷ್ಟೇ ಅವನು ಮಾಡಿದ್ದು. ಆ ನಗುವಿಗೆ ಕೈಕಾಲು ಬಂದು, ಕುದುರೆ ಬಂದು, ಈಗ ಹಿತ್ತಾಳೆ ಬರುತ್ತಿದೆ. ನಡೆದವರಲ್ಲಿ ಕೆಲವರು ಸತ್ತಿದ್ದರು, ಕೆಲವರು ಊರು ಬಿಟ್ಟಿದ್ದರು, ಅಲ್ಲ ಎನ್ನಲು ಯಾರಿದ್ದರು? ಒಬ್ಬಳಿದ್ದಳು. ಆಗ ಇಬ್ಬರು ನರ್ಸುಗಳು ಗಂಡ ಹೆಂಡತಿಗಿಂತ ಹೆಚ್ಚಾಗಿ ಒಂದೇ ಕೋಣೆಯಲ್ಲಿ ಬಾಳುತ್ತಿದ್ದರು, ಇಬ್ಬರೂ ಮೆರವಣಿಗೆಯಲ್ಲಿ ನಡೆದಿದ್ದರು. ಅವರಲ್ಲಿ ಉಳಿದವಳು ಕಾನೂನು ಬಿದ್ದ ವರ್ಷದ ಸಭೆಗೆ ಕೋಲೂರಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಳು. ಕುದುರೆಯ ಕಥೆಯನ್ನು ಪೂರ್ತಿ ಕೇಳಿದಳು. ಆಮೇಲೆ ವೇದಿಕೆಯ ಹತ್ತಿರ ಬಂದು ಅವನ ಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, “ಆ ದಿನ ನೀನು ಇದಕ್ಕಿಂತ ಒಂದು ಗೇಣು ಉದ್ದ ಇದ್ದೆ ಕಣೋ. ವಯಸ್ಸಾಯ್ತು, ಪಾಪ, ಕುಗ್ಗಿಬಿಟ್ಟೆ,” ಅಂದಳು. ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕತ್ರಿ ನಕ್ಕ. ಅವಳ ಕೈಯಲ್ಲಿದ್ದ ತನ್ನ ಕೈಯನ್ನು ಬಿಡಿಸಿಕೊಳ್ಳಲು ಅವನಿಗೆ ಒಂದು ಯುಗ ಹಿಡಿಯಿತು.

ಕತ್ರಿಗಿಂತ ಒಂದು ಗೇಣು ಉದ್ದ ಇದ್ದವನು ತಿದ್ದುಪಡಿ. ಪತ್ರಿಕೆಯ ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ, ಅದಕ್ಕೇ ಅಲ್ಲಿಯವರು ಇಟ್ಟ ಹೆಸರು. ಊಟದ ಪಟ್ಟಿಯನ್ನೂ ಮದುವೆಯ ಕಾಗದವನ್ನೂ ಗೋಡೆಯ ಮೇಲಿನ ಬೈಗುಳವನ್ನೂ ತಿದ್ದದೆ ಮುಂದೆ ಹೋಗುತ್ತಿರಲಿಲ್ಲ. ಅವನ ಕನ್ನಡಕದ ಗಾಜು ಲೋಟದ ತಳದಷ್ಟು ದಪ್ಪ. ಅದನ್ನು ತೆಗೆದರೆ ನಿಂತ ಬಸ್ಸನ್ನು ಮನೆಯೆಂದುಕೊಂಡು ಬಾಗಿಲು ತಟ್ಟುತ್ತಿದ್ದ. ಒಂದು ಕಂದು ಪ್ಯಾಂಟು ತಂದಿದ್ದ, ಸೊಂಟ ಸ್ವಲ್ಪ ಸಡಿಲ ಎಂದು. ಕತ್ರಿ ಬಿಗಿ ಮಾಡಿದ. ಮರುವಾರ ಸ್ವಲ್ಪ ಬಿಗಿ ಎಂದು ತಂದ. ಸಡಿಲ ಮಾಡಿದ. ನಾಲ್ಕು ವರ್ಷ ಆ ಒಂದೇ ಪ್ಯಾಂಟು ವಾರಕ್ಕೊಂದು ಸಲ ಅಂಗಡಿಗೆ ಬಂತು. ಎದುರಿನ ಬ್ರೆಡ್ಡಿನ ಅಂಗಡಿಯವನು, “ಏನಯ್ಯಾ, ಅವನಿಗೆ ಎಷ್ಟು ಸೊಂಟ ಇದೆ?” ಎಂದು ಕೇಳುವಷ್ಟು ಸಲ ಬಂತು. ಪ್ರಪಂಚದಲ್ಲಿ ಯಾವ ರಾಜನ ಪೋಷಾಕಿಗೂ ಅಷ್ಟು ಸಲ ಅಳತೆ ತೆಗೆದಿರಲಿಕ್ಕಿಲ್ಲ. ಟೇಪು ಸೊಂಟದ ಸುತ್ತ ಬಂದು ಮುಂದೆ ಕೂಡುವಾಗ ತಿದ್ದುಪಡಿ ಉಸಿರು ಹಿಡಿಯುತ್ತಿದ್ದ, ಕತ್ರಿ ಇಂಚು ಓದುವುದನ್ನು ಮರೆಯುತ್ತಿದ್ದ. ಆ ಕಾನೂನಿನ ಕಾಲದಲ್ಲಿ ಇಬ್ಬರು ಗಂಡಸರಿಗೆ ಬೀದಿಗೆ ಕಾಣುವ ಹಾಗೆ ಮುಟ್ಟಿಕೊಳ್ಳಲು ಟೇಪೊಂದೇ ಲೈಸೆನ್ಸು.

ಮೆರವಣಿಗೆ ಮಾಡೋಣ ಎಂದವನೂ ತಿದ್ದುಪಡಿಯೇ. ಒಂದು ತಪ್ಪು ಕಾನೂನು ಅಚ್ಚಾಗಿ ಕೂತಿದೆ, ಯಾರೂ ಗುರುತು ಹಾಕುತ್ತಿಲ್ಲ ಎಂಬುದೇ ಅವನ ಸಂಕಟ. ಅವನೂ ಕತ್ರಿಯೂ ಸೇರಿ ಹನ್ನೊಂದು ಜನ ಆದರು: ನರ್ಸುಗಳಿಬ್ಬರು, ಒಬ್ಬ ಬಸ್ ಕಂಡಕ್ಟರ್, ಹೋಟೆಲ್ಲಿನ ಅಡಿಗೆಯವನು, ಗಂಡಿನ ಹೆಸರಲ್ಲಿ ಹುಟ್ಟಿ ಹೆಣ್ಣಾಗಿ ಬಾಳುತ್ತಿದ್ದ ಕೇಶಾಲಂಕಾರದಾಕೆ, ಇನ್ನೂ ಕೆಲವರು. ಕೋಟಿನ ಲೈನಿಂಗಿನ ಮಿಕ್ಕ ಚೂರುಗಳಲ್ಲಿ ಹನ್ನೊಂದು ಮುಸುಕು ಹೊಲಿದದ್ದು ಕತ್ರಿ. ಮಧ್ಯಾಹ್ನ ಶಟರ್ ಅರ್ಧ ಇಳಿಸಿಕೊಂಡು ಒಬ್ಬೊಬ್ಬರ ತಲೆಯ ಅಳತೆ ತೆಗೆದ. ಕೇಶಾಲಂಕಾರದಾಕೆ ತನ್ನ ಮುಸುಕನ್ನು ತಿರುಗಿಸಿ ಮುರುಗಿಸಿ ನೋಡಿ, “ಇಪ್ಪತ್ತು ವರ್ಷ ಹಾಕ್ಕೊಂಡಿದ್ದನ್ನ ಈಗ ತಾನೇ ತೆಗೆದಿದ್ದೀನಿ, ಮತ್ತೆ ಹಾಕು ಅಂತೀಯಲ್ಲ ಮಾರಾಯ,” ಎಂದು ಅದನ್ನು ಕೂದಲಿಗೆ ಕಟ್ಟಿಕೊಂಡಳು. ಫೋಟೋದಲ್ಲಿ ಮುಖ ಕಾಣುವವಳು ಅವಳೊಬ್ಬಳೇ. ತಿದ್ದುಪಡಿಯ ತಲೆಗೆ ಬಂದಾಗ ತೊಂದರೆಯಾಯಿತು. ಮುಸುಕು ಹಾಕಿದರೆ ಕನ್ನಡಕ ಒತ್ತಿ ಜಾರಿ ಬೀಳುತ್ತಿತ್ತು, ಕನ್ನಡಕ ತೆಗೆದರೆ ಮೆರವಣಿಗೆಯನ್ನು ನೇರ ಬಾವಿಗೆ ನಡೆಸುತ್ತಿದ್ದ. ಕತ್ರಿ ಎರಡು ಕಿವಿಗಳ ಮೇಲೆ ಬಟ್ಟೆಯನ್ನು ಮೂಲೆ ಹಿಡಿದು ಮಡಿಚಿ ಹೊಲಿದು, ಹೆಂಗಸರ ಉಡುಪಿನಲ್ಲಿ ಎದೆಗೆ ಉಬ್ಬು ಕೊಡುತ್ತಾರಲ್ಲ, ಅಂಥ ಎರಡು ಡಾರ್ಟು ಹಾಕಿದ. ಕನ್ನಡಕ ಒಳಗೆ ಹಾಯಾಗಿ ಕೂತಿತು. ತಿದ್ದುಪಡಿ ಕನ್ನಡಿಯ ಮುಂದೆ ನಿಂತು ತಲೆ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ. “ಇದೊಂದು ಜಾಗ ಬಿಟ್ಟೆಯಲ್ಲ,” ಅಂದ, “ಇಷ್ಟು ಸಾಕು ಕಣೋ ನನಗೆ.” ಮೆರವಣಿಗೆ ಮುಗಿಸಿ ಮೂರು ಗಂಟೆಯ ರೈಲಿಗೆ ಎರಡು ಟಿಕೆಟ್ಟು ಅವನ ಜೇಬಿನಲ್ಲಿತ್ತು. ದೂರದ ಊರಿನ ಛಾಪಖಾನೆಯಲ್ಲಿ ಕೆಲಸ ಗೊತ್ತಾಗಿತ್ತು. ದರ್ಜಿಗೆ ಯಾವ ಊರಾದರೇನು, ಎಲ್ಲ ಊರಲ್ಲೂ ಜನ ಬಟ್ಟೆ ಹಾಕುತ್ತಾರೆ.

“ಏನೋ ಕತ್ರಿ, ಬದುಕಿದ್ದೀಯಾ?”

ಎರಡೂವರೆಗೆ ಬಾಗಿಲಲ್ಲಿ ನಿಂತವಳು ತಿದ್ದುಪಡಿಯ ಅಕ್ಕ. ಎಪ್ಪತ್ತಾರು ವಯಸ್ಸು, ನಿವೃತ್ತ ಮುಖ್ಯೋಪಾಧ್ಯಾಯಿನಿ, ಅವಳು ಒಳಗೆ ಬಂದರೆ ಅಂಗಡಿಯ ಗುಂಡಿಗಳೂ ಸಾಲಾಗಿ ನಿಲ್ಲುತ್ತಿದ್ದವು. ಕೈಯಲ್ಲಿ ಬೂದು ಬಣ್ಣದ ಕೋಟು. ಕತ್ರಿಯ ನಾಲಿಗೆ ತನ್ನ ಕೆಲಸ ತಾನು ಮಾಡಿತು.

“ಸಾಯೋಕೆ ಪುರುಸೊತ್ತೆಲ್ಲಿ ಅಕ್ಕ. ಸಾವು ಎರಡು ಸಲ ಬಂದು ಇಲ್ಲೇ ಕೂತಿತ್ತು. ಅಳತೆ ತಗೊಂಡು, ಮುಂದಿನ ವಾರ ಬಾ ಅಂತ ಕಳಿಸಿದೆ.”

“ನಿನ್ನ ಮುಂದಿನ ವಾರ ನನಗೆ ಗೊತ್ತಿಲ್ವಾ? ನನ್ನ ಮಗಳ ಮದುವೆ ಬಟ್ಟೆ ಮೊಮ್ಮಗು ಹುಟ್ಟಿದ ಮೇಲೆ ಕೊಟ್ಟವನು ನೀನು. ಇದು ನಾಳೆಗೇ ಬೇಕು. ತೋಳು ಉದ್ದ ಆಗಿದೆ. ಕೋಟು ಬೆಳೆದಿಲ್ಲ, ನಾನು ಕುಗ್ಗಿದ್ದೀನಿ. ಇಲ್ಲೇ ಕೂತಿರ್ತೀನಿ, ಮುಗಿಸಿ ಕೊಡು.”

ಕುಗ್ಗಿದ್ದೀನಿ ಎಂಬ ಮಾತಿಗೆ ಅವನ ಕೈ ಒಂದು ಗಳಿಗೆ ನಿಂತು ಮುಂದುವರಿಯಿತು. ಕೋಟನ್ನು ಅವಳ ಮೇಲೆಯೇ ಹಾಕಿ, ಮಂಡಿಯೂರಿ, ತೋಳಿನ ಬಾಯನ್ನು ಮಡಿಚತೊಡಗಿದ. ಸೂಜಿಗೆ ದಾರ ಪೋಣಿಸುವಾಗ ಅಭ್ಯಾಸಬಲದಿಂದ, “ನೋಡಿ ಅಕ್ಕ, ಒಂದೇ ಏಟಿಗೆ! ಎಪ್ಪತ್ತಾಯ್ತು, ಹುಟ್ಟಿದಾಗಿಂದ ಕನ್ನಡಕ ಮುಟ್ಟಿದವನಲ್ಲ. ಕತ್ತಲಲ್ಲಿ ಇರುವೆಗೆ ಸೂಟು ಹೊಲಿದು ಕೊಡ್ತೀನಿ, ಪ್ಯಾಂಟಿನ ಜೇಬು ಸಮೇತ,” ಅಂದ.

“ಇರುವೆ ಜೇಬಲ್ಲಿ ಏನಿಟ್ಕೊಳ್ಳುತ್ತೆ?”

“ನಿಮ್ಮ ಶಾಲೆ ಸಕ್ಕರೆ ಡಬ್ಬಿ ಬೀಗದ ಕೈ.”

ಅವಳು ನಕ್ಕಳು. ಅವನಿಗೆ ಗೊತ್ತಿತ್ತು, ಈಗ ಅದು ಬರುತ್ತದೆ. ಇಪ್ಪತ್ತು ವರ್ಷದಿಂದ ಪ್ರತಿ ಸಲವೂ ಬರುತ್ತದೆ. ಅವನು ಗುಂಡುಸೂಜಿಗಳನ್ನು ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡ, ಬಾಯಿಗೆ ಬೇಲಿ ಹಾಕಿದ ಹಾಗೆ.

“ನಾಳೆ ನಿನಗೋಸ್ಕರ ಬರ್ತಿದ್ದೀನಿ ಕಣೋ. ಆ ಹುಡುಗಿ ನನ್ನ ಶಿಷ್ಯೆ, ಕರೆದಳು ಅನ್ನೋದು ಒಂದು. ಆದ್ರೆ ನಿನಗೋಸ್ಕರ. ನೀನಾದ್ರೂ ನಡೆದೆ. ನಮ್ಮವನಿಗೆ ಅಷ್ಟೂ ಆಗಲಿಲ್ಲ.”

ಹೋಗಲಿ ಬಿಡಿ ಅಕ್ಕ, ಎಂಬುದು ಅವನ ಪಾಲಿನ ಮಾತು. ಇಪ್ಪತ್ತು ವರ್ಷ ಪ್ರತಿ ಸಲ ಅದನ್ನು ಹೇಳಿದ್ದಾನೆ, ದೊಡ್ಡ ಮನಸ್ಸಿನವನ ಹಾಗೆ, ಸತ್ತವನನ್ನು ಕ್ಷಮಿಸುವವನ ಹಾಗೆ. ಇವತ್ತು ತುಟಿಯಲ್ಲಿ ಏಳು ಗುಂಡುಸೂಜಿ ಇದ್ದುದರಿಂದ ಹೇಳಬೇಕಾಗಲಿಲ್ಲ.

“ತಪ್ಪು ನಂದೇ ಬಿಡು. ಅಮ್ಮ ಹೋದ ಮೇಲೆ ಅವನನ್ನ ಬೆಳೆಸಿದವಳು ನಾನು. ಆ ದಿನ ಬೆಳಗ್ಗೆ ಹೇಳಿದ, ಅಕ್ಕಾ, ಹೀಗೆ, ನಾನು ಹೀಗೆ, ಇವತ್ತು ಬೀದೀಲಿ ನಡೀತೀನಿ ಅಂತ. ನಡೆದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ ಅಂದುಬಿಟ್ಟೆ. ಒಂದೂ ಮಾತಾಡದೆ ಪೆಟ್ಟಿಗೆ ತಗೊಂಡು ಹೋದ. ಬೆಳಗ್ಗೆ ಏಳರ ರೈಲು ಹಿಡಿದಿರಬೇಕು. ನನ್ನ ಹೆದರಿಕೆಗೆ ಓಡಿಹೋದ. ಆ ಊರಲ್ಲೇ ಹನ್ನೊಂದು ವರ್ಷ ಇದ್ದು ಅಲ್ಲೇ ಸತ್ತ. ಬೆತ್ತ ತೋರಿಸಿ ಮಕ್ಕಳನ್ನ ಕೂರಿಸ್ತೀವಲ್ಲ, ಹಾಗೆ ನನ್ನ ತಮ್ಮನ್ನ ಹೇಡಿ ಮಾಡಿ ಕೂರಿಸಿದೆ.”

ಇದು ಹೊಸದು. ಇಪ್ಪತ್ತು ವರ್ಷದಲ್ಲಿ ಇದನ್ನು ಅವಳು ಹೇಳಿರಲಿಲ್ಲ. ಕತ್ರಿ ತೋಳಿನ ಬಾಯಲ್ಲಿ ತಲೆ ಹುದುಗಿಸಿಕೊಂಡು ಅಳತೆಯೇ ಇಲ್ಲದ ಜಾಗಕ್ಕೆ ಗುಂಡುಸೂಜಿ ಚುಚ್ಚಿದ. ಮೊಣಕಾಲಿನ ಕೆಳಗೆ ನೆಲ ತಣ್ಣಗಿತ್ತು, ಆ ದಿನವೂ ತಣ್ಣಗೇ ಇತ್ತು, ಕತ್ತರಿಸುವ ಮೇಜಿನ ಕೆಳಗೆ ಇದೇ ನೆಲದ ಮೇಲೆ ಮುದುಡಿ ಕೂತಿದ್ದ. ಕನ್ನಡಿಯ ಮುಂದೆ ತನ್ನ ಮುಸುಕು ಹಾಕಿಕೊಳ್ಳಲು ಕೈಯೆತ್ತಿದವನು ಕೈ ಇಳಿಸಿದ್ದ. ಯಾರೂ ಬೆದರಿಸಿರಲಿಲ್ಲ. ಬ್ರೆಡ್ಡಿನ ಅಂಗಡಿಯವನು ಎದುರಿಗೆ ನಿಂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬೀದಿ ನೋಡುತ್ತಿದ್ದ, ಅಷ್ಟೇ. ನಾಳೆ ಅವನು ಏನನ್ನುತ್ತಾನೆ? ಆ ಹಲ್ಲು ಕಡ್ಡಿಯವನಿಗೆ ಹೆದರಿ ಕತ್ರಿ ಶಟರ್ ಎಳೆದುಕೊಂಡ. ಶಟರ್ ಯಾವತ್ತೂ ಪೂರ್ತಿ ಕೂರುತ್ತಿರಲಿಲ್ಲ, ಕೆಳಗೆ ನಾಲ್ಕು ಬೆರಳಿನ ಸಂದು ಉಳಿಯಿತು. ಹನ್ನೊಂದು ಗಂಟೆಗೆ ಆ ಸಂದಿನಲ್ಲಿ ಕಾಲುಗಳು ಬಂದವು. ಘೋಷಣೆ ಇತ್ತು, ಸಣ್ಣ ದನಿ. ಅದಕ್ಕಿಂತ ದೊಡ್ಡದಾಗಿ ಬೀದಿಯ ನಗು ಇತ್ತು, ಶಿಳ್ಳೆ ಇತ್ತು, ಒಂದು ಟೊಮೆಟೊ ಉರುಳಿಕೊಂಡು ಬಂದು ಶಟರಿನ ಸಂದಿಗೆ ತಗುಲಿ ನಿಂತಿತು. ಕುದುರೆ ಇರಲಿಲ್ಲ. ಇಬ್ಬರು ಪೊಲೀಸರ ಬೂಟುಗಳಿದ್ದವು, ಅವುಗಳ ಸುತ್ತ ಕಡಲೆಕಾಯಿ ಸಿಪ್ಪೆ ಬೀಳುತ್ತಿತ್ತು. “ನಂಗೂ ನಾಲ್ಕು ಕೊಡಯ್ಯ,” ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ್ದೂ ಕೇಳಿಸಿತು. ಹತ್ತು ಜೊತೆ ಕಾಲುಗಳು, ಒಂದೊಂದು ಅಂಚನ್ನೂ ಅವನೇ ಹೊಲಿದಿದ್ದ, ಹೆಸರು ಹಿಡಿದು ಕರೆಯಬಹುದಿತ್ತು. ಎಲ್ಲಕ್ಕಿಂತ ಮುಂದೆ ಕಂದು ಪ್ಯಾಂಟು. ಅದು ಅಂಗಡಿಯ ಮುಂದೆ ನಿಂತಿತು. ಬೂಟಿನ ತುದಿ ಬೀದಿಯಿಂದ ಶಟರಿನ ಕಡೆ ತಿರುಗಿತು. ಉಗುರಿನಿಂದ ತಗಡಿನ ಮೇಲೆ ಎರಡು ಸಲ ಟಕ್, ಟಕ್. ಯಾರಿಗೂ ಕೇಳದ ಹಾಗೆ, ಅವನಿಗೆ ಮಾತ್ರ. ಕತ್ರಿ ಬಾಯಿಗೆ ಮುಸುಕನ್ನು ತುರುಕಿಕೊಂಡಿದ್ದ. ಎಷ್ಟು ಹೊತ್ತು? ಅದನ್ನೊಂದನ್ನು ಅವನು ಯಾವತ್ತೂ ಹೆಚ್ಚಿಸಿ ಹೇಳಲಾರ, ಯಾಕೆಂದರೆ ಹೇಳಿಯೇ ಇಲ್ಲ. ಆಮೇಲೆ ಬೂಟಿನ ತುದಿ ಬೀದಿಗೆ ತಿರುಗಿತು. ತಿರುಗುವಾಗ ಟೊಮೆಟೊವನ್ನು ತುಳಿಯದೆ, ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೋಯಿತು. ಮೂರು ವಾರದ ಮೇಲೆ ಒಂದು ಕಾರ್ಡು ಬಂತು. ಬೈಗುಳ ಇರಲಿಲ್ಲ, ವಿಳಾಸ ಇರಲಿಲ್ಲ. ಒಂದೇ ಸಾಲು: ಕನ್ನಡಕ ಜಾರಲಿಲ್ಲ.

“ಅಯ್ಯೋ, ಚುಚ್ತಿದ್ದೀಯಲ್ಲೋ!”

“ಕ್ಷಮಿಸಿ ಅಕ್ಕ,” ಎಂದ, ಗುಂಡುಸೂಜಿಗಳ ನಡುವಿನಿಂದ.

ಅಷ್ಟರಲ್ಲಿ ಗ್ರಂಥಾಲಯದ ಹುಡುಗಿ ಒಳಗೆ ನುಗ್ಗಿದಳು, ನಾಲ್ಕಕ್ಕೆ ಬರಬೇಕಾದವಳು ಮೂರಕ್ಕೇ, ಹೆಗಲ ಮೇಲೆ ತೋಪಿನಂಥ ಉದ್ದನೆಯ ಕೊಳವೆ. “ಮಾಮ, ದೊಡ್ಡದು ಬಂತು! ಫ್ರೇಮಿಗೆ ಹೋಗೋ ಮೊದಲು ನಿಮಗೇ ತೋರಿಸಬೇಕು ಅಂತ—” ಎಂದವಳು ಅಕ್ಕನನ್ನು ಕಂಡು ಮೂರನೇ ತರಗತಿಗೆ ಇಳಿದುಬಿಟ್ಟಳು. “ನಮಸ್ಕಾರ ಮೇಡಂ.”

“ಕೂದಲು ಯಾಕೆ ಹಾಗಿದೆ? ಇಲಿ ತಿಂತಾ?”

“ಫ್ಯಾಷನ್ನು ಮೇಡಂ.”

“ಪಾಪ, ಇಲಿಗೂ ಗೊತ್ತಿರಲ್ಲ ಬಿಡು, ಅಷ್ಟು ದುಬಾರಿ ಊಟ ಮಾಡಿದ್ದು.”

ಹುಡುಗಿ ನಗುತ್ತ ಕತ್ತರಿಸುವ ಮೇಜಿನ ಮೇಲೆ ಫೋಟೋ ಬಿಚ್ಚಿದಳು. ಸುರುಳಿ ಮತ್ತೆ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಕತ್ತರಿ, ಒಂದಕ್ಕೆ ಸೀಮೆಸುಣ್ಣದ ಡಬ್ಬಿ, ಬಲಗಡೆಯ ಅಂಚಿಗೆ ತನ್ನ ಎಡಗೈ. ಕತ್ರಿ ನೋಡಿದ. ಬೆಂಕಿಪೊಟ್ಟಣದಷ್ಟಿದ್ದ ಬೀದಿ ಮೇಜಿನಷ್ಟಾಗಿ ಮಲಗಿತ್ತು. ಕೇಶಾಲಂಕಾರದಾಕೆಯ ನಗುವಿನಲ್ಲಿ ಹಲ್ಲು ಎಣಿಸಬಹುದಿತ್ತು. ಹಿಂದೆ ಒಂದೂವರೆ ಮೈಲಿಯ ಜನವಿರಲಿಲ್ಲ. ಕೊನೆಯಲ್ಲಿದ್ದ ಅಡಿಗೆಯವನ ಹಿಂದೆ ಒಂದು ಸೈಕಲ್ಲು, ಒಂದು ನಾಯಿ, ಖಾಲಿ ರಸ್ತೆ. ಎಡಗಡೆಯ ಅಂಚಿನಲ್ಲಿ ಅವನದೇ ಅಂಗಡಿಯ ಇಳಿದ ಶಟರ್ ಬೆರಳಷ್ಟು ಕಾಣುತ್ತಿತ್ತು. ಮತ್ತು ಎಲ್ಲರ ಮುಂದೆ, ಆಳೆತ್ತರ ನಿಂತು, ತಿದ್ದುಪಡಿ.

“ಕೆತ್ತನೆಯವರು ಐದಕ್ಕೆ ಅಂಗಡಿ ಮುಚ್ತಾರೆ, ಇಲ್ಲಿ ಒಂದು ರುಜು ಮಾಮ.” ಕಾಗದ ಅವನ ಮುಂದೆ ಬಂತು. “ಆಮೇಲೆ ಒಂದು ಕೇಳ್ಬೇಕು. ದೊಡ್ಡದು ಮಾಡಿದಾಗ ಕಾಣಿಸ್ತು. ನಿಮ್ಮ ಮುಸುಕಲ್ಲಿ ಮಾತ್ರ ಕಿವಿ ಮೇಲೆ ಹೀಗೆ ಉಬ್ಬು ಇದೆಯಲ್ಲ, ಬೇರೆ ಯಾರದ್ದರಲ್ಲೂ ಇಲ್ಲ. ಕಣ್ಣಿನ ತೂತಲ್ಲಿ ಏನೋ ಹೊಳೀತಿದೆ. ಕನ್ನಡಕದ ಥರ. ನೀವು ಕನ್ನಡಕ ಹಾಕ್ತಿದ್ರಾ ಆಗ? ಫಲಕದ ಪಕ್ಕ ಒಂದು ಟಿಪ್ಪಣಿ ಬರೀತಿದ್ದೀನಿ, ಅದಕ್ಕೆ.”

ಕತ್ರಿಯ ತಲೆಯಲ್ಲಿ ಏಳು ಸುಳ್ಳುಗಳು ಒಟ್ಟಿಗೆ ಎದ್ದು ಬಾಗಿಲಿಗೆ ನುಗ್ಗಿದವು. ಅಶ್ರುವಾಯುವಿಗೆ ಅಡ್ಡ ಹಾಕಿಕೊಂಡಿದ್ದ ಗಾಜು. ಗುರುತು ಮರೆಸಲು ವೇಷ. ಕುದುರೆಯ ಬಾಲದ ಏಟಿಗೆ ರಕ್ಷಣೆ. ಯಾವುದಾದರೂ ನಡೆಯುತ್ತಿತ್ತು. ಹುಡುಗಿ ಪೆನ್ನಿನ ತುದಿ ಕಚ್ಚಿಕೊಂಡು, ನಂಬಲು ಸಿದ್ಧಳಾಗಿ, ಮುಖ ಅರಳಿಸಿ ಕಾಯುತ್ತಿದ್ದಳು. ಅವಳು ಮಾಮ ಅನ್ನುತ್ತಾಳೆ. ಅವನಿಗೆ ಜ್ವರ ಬಂದರೆ ಆ ಹುಡುಗರು ಸರದಿ ಹಾಕಿಕೊಂಡು ಗಂಜಿ ತರುತ್ತಾರೆ. ಅವನಿಗೆ ಮಗ ಇಲ್ಲ, ಮಗಳಿಲ್ಲ, ಈ ಕುದುರೆ ಒಂದಿದೆ.

ಅಕ್ಕ ಒಂದು ತೋಳಿಗೆ ಗುಂಡುಸೂಜಿ ಚುಚ್ಚಿದ ಕೋಟನ್ನು ಹಾಕಿಕೊಂಡೇ ಎದ್ದು ಮೇಜಿನ ಹತ್ತಿರ ಬಂದಿದ್ದಳು. ತನ್ನ ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡಳು. ಬೆರಳು ಫೋಟೋದ ಮೇಲೆ ಇಳಿಯಿತು, ಮೊದಲು ಒಂದು ಉಬ್ಬಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ. ಶಾಲೆಗೆ ಹೋಗುವ ತಮ್ಮನಿಗೆ ಎಷ್ಟು ಬೆಳಗ್ಗೆ ಅವಳೇ ಕನ್ನಡಕದ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿ ಕಳಿಸಿದ್ದಳೋ, ಆ ಬೆರಳಿಗೆ ದಾರಿ ಗೊತ್ತಿತ್ತು.

“ಈಗ ತಾನೇ ನೀನು ಹೇಳಿದೆಯಲ್ಲೋ,” ಅಂದಳು, ತಲೆಯೆತ್ತದೆ. “ಹುಟ್ಟಿದಾಗಿಂದ ಕನ್ನಡಕ ಮುಟ್ಟಿದವನಲ್ಲ ಅಂತ.”

ಹೊರಗೆ ಬಸ್ಸೊಂದು ನಿಂತು ಹೊರಟಿತು.

“ಯಾರೋ ಇದು?”

ಕತ್ರಿ ತುಟಿಯಲ್ಲಿ ಉಳಿದಿದ್ದ ಮೂರು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. ಆಮೇಲೆ ಎದ್ದು ಮೆಷಿನ್ನಿನ ಬಲಗಡೆಯ ಡ್ರಾಯರ್ ಎಳೆದ, ಮುರಿದ ಬಾಬಿನ್ನುಗಳ ಕೆಳಗೆ, ಹಳೆಯ ಅಳತೆ ಪುಸ್ತಕದ ಕೆಳಗೆ ಕೈ ಹಾಕಿದ. ಹೊರಗೆ ಬಂದದ್ದು ಮಡಿಕೆಯಲ್ಲೇ ಬಣ್ಣ ಮಾಸಿದ ಒಂದು ಮುಸುಕು. ಕಚ್ಚಾ ಹೊಲಿಗೆಯ ಬಿಳಿ ದಾರ ಇನ್ನೂ ಅದರಲ್ಲೇ ಇತ್ತು. ಒಂದು ಮೂಲೆಯಲ್ಲಿ ಹಲ್ಲಿನ ಗುರುತು. ಅದನ್ನು ಫೋಟೋದ ಪಕ್ಕ ಇಟ್ಟು ಅಂಗೈಯಿಂದ ನೀವಿದ. ಚಪ್ಪಟೆಯಾಗಿ ಮಲಗಿತು, ಎಲ್ಲೂ ಉಬ್ಬಿಲ್ಲದೆ.

“ನಂದು ಇದು,” ಅಂದ. “ಹಾಕ್ಕೊಳ್ಳಲೇ ಇಲ್ಲ. ನಾನು ಇಲ್ಲಿದ್ದೆ, ಈ ಮೇಜಿನ ಕೆಳಗೆ. ಅವನು ಬಂದು ಶಟರ್ ತಟ್ಟಿದ. ತೆಗೀಲಿಲ್ಲ.”

ಹುಡುಗಿಯ ಕೈ ಫೋಟೋದಿಂದ ಜಾರಿತು, ಆ ಕ್ಷಣಕ್ಕೇ ಬಲಗಡೆಯ ಅರ್ಧ ಮೆರವಣಿಗೆ ಸುರುಳಿ ಸುತ್ತಿಕೊಂಡಿತು. ಅಕ್ಕ ಅದನ್ನು ಹಿಡಿದು ಮತ್ತೆ ಬಿಚ್ಚಿದಳು.

“ಎಷ್ಟು ಗಂಟೆಗೆ?”

“ಹನ್ನೊಂದಕ್ಕೆ ಅಕ್ಕ. ರೈಲು ಮೂರಕ್ಕಿತ್ತು. ಎರಡು ಟಿಕೆಟ್ ತಗೊಂಡಿದ್ದ. ಒಬ್ಬನೇ ಹೋದ.”

“ಹಾಗಾದ್ರೆ ಅವನು ನಡೆದ.”

“ಎಲ್ಲರಿಗಿಂತ ಮುಂದೆ.”

“ನಾನು ಹಾಗೆ ಹೇಳಿದ ಮೇಲೂ.”

“ಹೇಳಿದ ಮೇಲೂ.”

ಅವಳು ಬಹಳ ಹೊತ್ತು ಫೋಟೋ ನೋಡಿದಳು, ತಪ್ಪು ಹುಡುಕುವ ಹಾಗೆ, ಒಂದೂ ಸಿಗದ ಹಾಗೆ. ಅಳಲಿಲ್ಲ. ಬೈದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಆಮೇಲೆ ತಿರುಗಿ, ತರಗತಿಯಲ್ಲಿ ಹಿಂದಿನ ಬೆಂಚಿನವನಿಗೆ ಕೇಳುವಷ್ಟೇ ದನಿಯಲ್ಲಿ, “ಇಪ್ಪತ್ತು ವರ್ಷ ನನಗೆ ಹೋಗಲಿ ಬಿಡಿ ಅಕ್ಕ ಅಂದೆಯಲ್ಲೋ,” ಅಂದಳು.

ಆ ಬಾಯಿಬಡುಕ, ಸಾವಿಗೇ ಮುಂದಿನ ವಾರ ಹೇಳಿ ಕಳಿಸಿದವನು, ಚಪ್ಪಟೆ ಮುಸುಕನ್ನು ಇನ್ನೊಮ್ಮೆ ನೀವಿದ.

ಅವಳು ಹುಡುಗಿಯ ಕೈಯಿಂದ ಪೆನ್ನು ತಗೊಂಡಳು. ಕಾಗದದಲ್ಲಿದ್ದ ಹೆಸರಿನ ಮೇಲೆ ಒಂದೇ ಗೆರೆ ಎಳೆದಳು, ಅಂಚಿನಲ್ಲಿ ಇನ್ನೊಂದು ಹೆಸರು ಬರೆದಳು, ದುಂಡಗೆ, ಶಾಲೆಯ ಅಕ್ಷರದಲ್ಲಿ. ತಮ್ಮನಿಗೆ ಮನೆಯಲ್ಲಿ ಇಟ್ಟ ಹೆಸರು. ಛಾಪಖಾನೆಯವರಿಗೂ ಅಷ್ಟಾಗಿ ಗೊತ್ತಿಲ್ಲದ್ದು. ಕಾಗದವನ್ನು ಕತ್ರಿಯ ಕಡೆ ತಳ್ಳಿದಳು. ಅವನು ಕೆಳಗೆ ರುಜು ಹಾಕಿದ.

“ಕೋಟು ಮುಗಿಸು,” ಅಂದಳು, ಹೋಗಿ ಕುರ್ಚಿಯಲ್ಲಿ ಕೂತು ತೋಳು ಚಾಚಿ. “ನಾಳೆ ಹಾಕ್ಕೋಬೇಕು.”

ಅವನು ಮಂಡಿಯೂರಿದ. ದಾರ ಮುಗಿದಿತ್ತು, ಹೊಸದು ಪೋಣಿಸಬೇಕಿತ್ತು. ಸೂಜಿಯನ್ನು ಬೆಳಕಿಗೆ ಹಿಡಿದ. ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅಕ್ಕ ನೋಡಿದಳು, ನೆರವಾಗಲಿಲ್ಲ. ಮೂರನೆಯದಕ್ಕೆ ಹೋಯಿತು.

ಹುಡುಗಿ ಇನ್ನೂ ಮೇಜಿನ ಹತ್ತಿರವೇ ಇದ್ದಳು. ಮಾಮ ಎನ್ನಲು ಬಾಯಿ ತೆರೆದು, ಅನ್ನದೆ, ಕಾಗದ ತಿರುಗಿಸಿಟ್ಟುಕೊಂಡಳು.

“ಟಿಪ್ಪಣಿ ಬರೀಬೇಕು,” ಅಂದಳು. “ಎಷ್ಟು ಜನ ಇದ್ರು? ನಿಜವಾಗಿ.”

“ಹತ್ತು,” ಅಂದ ಕತ್ರಿ, ಹೊಲಿಗೆಯಿಂದ ಕಣ್ಣೆತ್ತದೆ. “ಬೀದೀಲಿ ಹತ್ತು. ಕಡಲೆಕಾಯಿ ತಿನ್ನೋ ಪೊಲೀಸರು ಇಬ್ಬರು. ಶಟರ್ ಹಿಂದೆ ಒಬ್ಬ.”

ಹುಡುಗಿ ಬರೆದುಕೊಂಡಳು.